ಸಮರಭೂಮಿಯಿಂದ ಸ್ವದೇಶಕ್ಕೆ: ದಾನವೋ, ದಾಸೋಹವೋ?

ಭಾರತದ ಪ್ರಜೆಯೊಬ್ಬನು ಪರದೇಶಕ್ಕೆ ಹೊರಡುವಾಗ ಒಯ್ಯುವ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿರುತ್ತದೆ. ಈ ಪುಸ್ತಿಕೆಯನ್ನು ಹೊಂದಿದವನನ್ನು ಅಡೆತಡೆಯಿಲ್ಲದೆ ಸಂಚರಿಸಗೊಡಬೇಕೆಂದೂ, ಅವನಿಗೆ ಅವಶ್ಯವಾದ ಸಹಾಯವನ್ನೂ ರಕ್ಷಣೆಯನ್ನೂ ನೀಡಬೇಕೆಂದೂ ಅದು ಸಂಬಂಧಪಟ್ಟವರೆಲ್ಲರನ್ನೂ ಕೇಳಿಕೊಳ್ಳುತ್ತದೆ. ಶಾಂತಿಯ ಕಾಲದಲ್ಲಿ ಆ ಸಾಲುಗಳನ್ನು ಯಾರೂ ಓದುವ ಗೋಜಿಗೆ ಹೋಗುವುದಿಲ್ಲ. ಆದರೆ ಹೋದ ದೇಶದ ಮೇಲೆಯೇ ಬಾಂಬುಗಳು ಬೀಳತೊಡಗಿದಾಗ, ಅಲ್ಲಿಯ ಆಡಳಿತಕ್ಕೆ ತನ್ನ ಜನರನ್ನು ಕಾಪಾಡಿಕೊಳ್ಳುವುದೇ ದುಸ್ತರವಾದಾಗ, ಆ ಕೋರಿಕೆಯನ್ನು ನಡೆಸಿಕೊಡುವವರು ಯಾರು? ಕೋರಿದ ರಾಜ್ಯವೇ ಮುಂದೆ ಬಂದು ಆ ಭಾರವನ್ನು ಹೊರಬೇಕಾಗುತ್ತದೆ. ಸಂಕಟದ ನೆಲದಿಂದ ಪ್ರಜೆಗಳನ್ನು ಕರೆತರುವ ಸರ್ಕಾರದ ಹೊಣೆ ಹುಟ್ಟುವುದು ಇಲ್ಲಿಂದಲೇ.

ಈ ಹೊಣೆಯನ್ನು ಭಾರತವು ಹಲವು ಬಾರಿ ಹೊತ್ತಿದೆ; ಸಮರ್ಥವಾಗಿಯೇ ಹೊತ್ತಿದೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮೀರಿದ ಭಾರತೀಯರು ಅಲ್ಲಿ ಸಿಕ್ಕಿಬಿದ್ದರು. ಅಂದಿನ ವಿದೇಶಾಂಗ ಸಚಿವರಾದ ಐ. ಕೆ. ಗುಜ್ರಾಲರು ಬಾಗ್ದಾದಿಗೆ ತೆರಳಿ ಸದ್ದಾಂ ಹುಸೇನರೊಡನೆ ಮಾತುಕತೆ ನಡೆಸಿದರು. ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿದ 1,11,000ಕ್ಕೂ ಹೆಚ್ಚು ಜನರನ್ನು ಏರ್ ಇಂಡಿಯಾ ಸಂಸ್ಥೆಯು ಸುಮಾರು ಎರಡು ತಿಂಗಳುಗಳಲ್ಲಿ 488 ಹಾರಾಟಗಳ ಮೂಲಕ ಮುಂಬಯಿಗೆ ತಲುಪಿಸಿತು. 2006ರಲ್ಲಿ ಲೆಬನಾನ್ ಯುದ್ಧದ ವೇಳೆ ನೌಕಾಪಡೆಯ ಹಡಗುಗಳು ಬೈರೂತ್ ಬಂದರಿನಿಂದ ಸೈಪ್ರಸ್ಸಿಗೆ ಭಾರತೀಯರನ್ನಷ್ಟೇ ಅಲ್ಲದೆ ಶ್ರೀಲಂಕಾ ಮತ್ತು ನೇಪಾಳದ ಪ್ರಜೆಗಳನ್ನೂ ಸಾಗಿಸಿದವು. 2015ರಲ್ಲಿ ಯೆಮನ್ ದೇಶದಿಂದ 4,600ಕ್ಕೂ ಹೆಚ್ಚು ಭಾರತೀಯರ ಜೊತೆಗೆ 41 ದೇಶಗಳ 960 ಮಂದಿ ಪಾರಾಗಿ ಬಂದರು. 2022ರಲ್ಲಿ ಉಕ್ರೇನಿನಿಂದ ಸುಮಾರು 22,500 ಮಂದಿ ಮರಳಿದರು. 2023ರಲ್ಲಿ ಸುಡಾನಿನಿಂದ 3,862 ಮಂದಿಯೂ, 2025ರಲ್ಲಿ ಇರಾನ್ ಹಾಗೂ ಇಸ್ರೇಲುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯೂ ಕ್ಷೇಮವಾಗಿ ಸ್ವದೇಶವನ್ನು ಸೇರಿದರು. ಗಂಗಾ, ಕಾವೇರಿ, ಸಿಂಧು ಎಂದು ನದಿಗಳ ಹೆಸರು ಹೊತ್ತ ಈ ಕಾರ್ಯಾಚರಣೆಗಳಲ್ಲಿ ದುಡಿದ ವಿಮಾನ ಚಾಲಕರು, ನಾವಿಕರು, ರಾಯಭಾರ ಕಚೇರಿಗಳ ಸಿಬ್ಬಂದಿ ನಿಜಕ್ಕೂ ಅಭಿನಂದನಾರ್ಹರು.

ಇಷ್ಟಾದರೂ ಒಂದು ಆಕ್ಷೇಪ ಪ್ರತಿ ಸಲವೂ ತಲೆಯೆತ್ತುತ್ತದೆ. ಸ್ವಂತ ಲಾಭಕ್ಕಾಗಿ ದೇಶ ಬಿಟ್ಟು ಹೋದವರನ್ನು ತೆರಿಗೆದಾರರ ಹಣದಿಂದ ಕರೆತರಬೇಕೇಕೆ ಎಂಬುದೇ ಆ ಆಕ್ಷೇಪ. ಅಮೆರಿಕ ದೇಶದ ಕಾನೂನು ಸಾಮಾನ್ಯವಾಗಿ ಇಂಥ ಪ್ರಯಾಣದ ವೆಚ್ಚವನ್ನು ಸಾಲವೆಂದೇ ಬಗೆಯುತ್ತದೆ. ಪ್ರಯಾಣಿಕನು ಮರುಪಾವತಿಯ ಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ. ಭಾರತವು ಉಕ್ರೇನಿನಿಂದ ಬಂದವರಲ್ಲಿ ಯಾರಿಂದಲೂ ವಿಮಾನದ ಶುಲ್ಕ ಕೇಳಲಿಲ್ಲ. ಇದು ಅತಿಯಾದ ಔದಾರ್ಯವೆಂದು ಭಾವಿಸುವವರು ಲೆಕ್ಕದ ಇನ್ನೊಂದು ಪುಟವನ್ನೂ ತಿರುವಿ ನೋಡಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದವರು ಮನೆಗೆ ಕಳುಹಿಸುತ್ತಿದ್ದ ಹಣ ನಿಂತುಹೋದದ್ದು 1990–91ರಲ್ಲಿ ಭಾರತದ ವಿದೇಶಿ ವಿನಿಮಯದ ಮುಗ್ಗಟ್ಟನ್ನು ಉಲ್ಬಣಗೊಳಿಸಿದ ಕಾರಣಗಳಲ್ಲೊಂದು. ಹೊರಗಿದ್ದು ದುಡಿದವರ ಬೆವರು ದೇಶದ ಬೊಕ್ಕಸಕ್ಕೆ ಎಷ್ಟು ಆಧಾರವಾಗಿತ್ತೆಂಬುದು ಅದು ಬತ್ತಿದಾಗ ತಿಳಿಯಿತು. ಇದಲ್ಲದೆ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯು ರಾಯಭಾರ ಕಚೇರಿಗಳ ಸೇವೆಗಳ ಮೇಲೆ ವಿಧಿಸುವ ಅಲ್ಪ ಶುಲ್ಕದಿಂದಲೇ ಬೆಳೆಯುತ್ತ ಬಂದದ್ದು. ತುರ್ತು ತೆರವಿಗೂ ಬಳಸಬಹುದಾದ ಆ ನಿಧಿಯನ್ನು ತುಂಬುವವರು ಬಹುಮಟ್ಟಿಗೆ ಪರದೇಶವಾಸಿ ಭಾರತೀಯರೇ. ಪರನಾಡಿನಲ್ಲಿ ಮಾಡಿದ ಕಾಯಕವೂ ಕಾಯಕವೇ. ಗಡಿ ದಾಟಿದ ಮಾತ್ರಕ್ಕೆ ಅದರ ಮೌಲ್ಯ ಕುಂದಲಾರದು.

ಶರಣರು ದಾನಕ್ಕೂ ದಾಸೋಹಕ್ಕೂ ಭೇದವೆಣಿಸಿದರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಅಲ್ಲಿ ‘ನಾನು ಕೊಟ್ಟೆ’ ಎಂಬ ಭಾವಕ್ಕೆ ಎಡೆಯಿಲ್ಲ. ವಿಮಾನದಿಂದ ಇಳಿದ, ಹಲವು ದಿನ ನೆಲಮಾಳಿಗೆಯಲ್ಲಿ ನಿದ್ದೆಗೆಟ್ಟ ವಿದ್ಯಾರ್ಥಿಗಳ ಕೈಗೆ ಹೂವನ್ನಿತ್ತು ಛಾಯಾಚಿತ್ರ ತೆಗೆಸಿಕೊಳ್ಳುವ ದೃಶ್ಯಗಳಲ್ಲಿ ದಾಸೋಹಕ್ಕಿಂತ ದಾನದ ಛಾಯೆಯೇ ಹೆಚ್ಚೆಂದು ಅನೇಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಇದು ಶಿಷ್ಟಾಚಾರದ ಮಾತಾಯಿತು. ಇದಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ದಾಸೋಹದ ಮನೆಯಲ್ಲಿ ಹಸಿದವನು ಬಾಗಿಲಿಗೆ ಬಂದ ಮೇಲೆ ಅಕ್ಕಿ ಹುಡುಕುವ ಪದ್ಧತಿಯಿಲ್ಲ. ಬರುವವರು ಎಷ್ಟು ಮಂದಿ ಎಂದು ಮುಂಚಿತವಾಗಿ ಅಂದಾಜಿಸಿ, ಒಲೆ ಹೊತ್ತಿಸಿ, ಎಲೆ ಹಾಕಿ ಕಾದಿರುವುದೇ ಅಲ್ಲಿಯ ರೀತಿ. ಸರ್ಕಾರದ ನೆರವನ್ನು ಅಳೆಯಬೇಕಾದುದು ಈ ಅಳತೆಗೋಲಿನಿಂದಲೇ: ವಿಮಾನ ಎಷ್ಟು ಬೇಗ ಬಂದಿತೆಂಬುದರಿಂದಲ್ಲ, ವಿಮಾನ ಬರುವುದಕ್ಕೆ ಮೊದಲು ಏನೇನು ಸಿದ್ಧವಾಗಿತ್ತೆಂಬುದರಿಂದ.

ಉಕ್ರೇನಿನ ಪ್ರಸಂಗವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ಕೀವ್ ನಗರದ ಭಾರತೀಯ ರಾಯಭಾರ ಕಚೇರಿಯು 2022ರ ಜನವರಿಯಲ್ಲಿಯೇ ಅಲ್ಲಿದ್ದ ಭಾರತೀಯರು ತಮ್ಮ ವಿವರಗಳನ್ನು ನೋಂದಾಯಿಸಬೇಕೆಂದು ಕೇಳಿತ್ತು. ಫೆಬ್ರವರಿ 15ರಂದು, ಇರಲೇಬೇಕಾದ ಅಗತ್ಯವಿಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಗಣಿಸಬಹುದೆಂಬ ಸಲಹೆ ಹೊರಟಿತು. 20ರಂದು ಮತ್ತೊಂದು, 22ರಂದು ಇನ್ನೊಂದು ಸಲಹೆ ಬಂದವು. ಮನೆಯಿಂದಲೇ ಪಾಠ ಕೇಳುವ ಅನುಮತಿಗಾಗಿ ಕಾಯದೆ ಹೊರಡಿರೆಂದು ಕೊನೆಯದು ಒತ್ತಾಯಿಸಿತು. 24ರ ಬೆಳಗಿನ ಜಾವ ಯುದ್ಧ ಆರಂಭವಾಗಿ ಆಕಾಶಮಾರ್ಗ ಮುಚ್ಚಿತು.

ಸಲಹೆಯಿತ್ತಲ್ಲ, ವಿದ್ಯಾರ್ಥಿಗಳೇಕೆ ಹೊರಡಲಿಲ್ಲ ಎಂದು ಕೇಳುವುದು ಸುಲಭ. ಹಲವು ವಿಶ್ವವಿದ್ಯಾಲಯಗಳು ಹಾಜರಾತಿಯ ನಿಯಮವನ್ನು ಸಡಿಲಿಸಿರಲಿಲ್ಲ. ವಿಮಾನದ ದರ ಏರಿತ್ತು. ಸಾಲ ಮಾಡಿ ಮಗನನ್ನು ವೈದ್ಯಕೀಯ ವ್ಯಾಸಂಗಕ್ಕೆ ಕಳುಹಿಸಿದ ತಂದೆಗೆ, ಆಗಲೂ ಆಗದಿರಲೂಬಹುದಾದ ಯುದ್ಧವೊಂದಕ್ಕೆ ಅಂಜಿ ಒಂದು ವರ್ಷದ ಓದನ್ನು ಕಳೆದುಕೊಳ್ಳೆಂದು ಹೇಳಲು ಬಾಯಿ ಬರುವುದು ಕಷ್ಟ. ‘ಪರಿಗಣಿಸಬಹುದು’ ಎಂಬ ಒಂದು ಕ್ರಿಯಾಪದದ ಮೇಲೆ ಬಡ ಕುಟುಂಬವೊಂದು ಅಂಥ ನಿರ್ಧಾರ ಕೈಗೊಳ್ಳಲಾರದು. ಸಲಹೆಯ ಜೊತೆಗೆ ಕೈಗೆಟಕುವ ದರದ ವಿಮಾನವೂ, ಹಾಜರಾತಿಯ ಬಗ್ಗೆ ವಿಶ್ವವಿದ್ಯಾಲಯಗಳೊಡನೆ ಸರ್ಕಾರವೇ ಮಾತಾಡಿ ಪಡೆದ ಭರವಸೆಯೂ ಇದ್ದಿದ್ದರೆ ಎಷ್ಟೋ ಮಂದಿ ಮೊದಲೇ ಮನೆ ಸೇರುತ್ತಿದ್ದರು.

ಅದರ ಬೆಲೆಯನ್ನು ತೆತ್ತವರುಂಟು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರಕ್ಕಾಗಿ ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬನು ದಾಳಿಗೆ ಬಲಿಯಾದನು. ಮರುದಿನ ರಾಯಭಾರ ಕಚೇರಿಯು ಖಾರ್ಕಿವಿನಲ್ಲಿದ್ದ ಭಾರತೀಯರೆಲ್ಲರೂ ಸಂಜೆಯೊಳಗೆ, ವಾಹನ ಸಿಗದಿದ್ದರೆ ಕಾಲ್ನಡಿಗೆಯಿಂದಲಾದರೂ, ಹತ್ತು ಹದಿನಾರು ಕಿಲೋಮೀಟರು ದೂರದ ಊರುಗಳನ್ನು ಸೇರಬೇಕೆಂದು ಸೂಚಿಸಿತು. ಹಿಮದ ಹಾದಿಯಲ್ಲಿ, ಶೆಲ್ಲುಗಳ ಸದ್ದಿನ ನಡುವೆ, ಇಪ್ಪತ್ತರ ಹರೆಯದ ಮಕ್ಕಳು ನಡೆದರು. ಮೃತ ವಿದ್ಯಾರ್ಥಿಯ ಪಾರ್ಥಿವ ಶರೀರ ಮಾರ್ಚ್ 21ರಂದು ತಾಯ್ನಾಡಿಗೆ ಬಂದಿತು. ವೈದ್ಯನಾಗಬೇಕಿದ್ದ ಮಗನ ದೇಹವನ್ನು ತಂದೆತಾಯಿಗಳು ವೈದ್ಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒಪ್ಪಿಸಿಕೊಟ್ಟರು. ಆ ಕುಟುಂಬವು ಸಮಾಜಕ್ಕೆ ಇತ್ತದ್ದು ಸಮಾಜವು ಆ ಕುಟುಂಬಕ್ಕೆ ಇತ್ತದ್ದಕ್ಕಿಂತ ಬಹಳ ದೊಡ್ಡದು.

ವಿದ್ಯಾರ್ಥಿಗಳಾದರೂ ಓದು ಬಲ್ಲವರು. ಮೊಬೈಲಿನಲ್ಲಿ ನೋಂದಣಿಯ ನಮೂನೆಯನ್ನು ತುಂಬಬಲ್ಲವರು. ಅಷ್ಟೂ ಅನುಕೂಲವಿಲ್ಲದವರ ಪಾಡೇನು? 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹೊತ್ತಿಕೊಂಡಾಗ, ಅಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದಾರೆಂಬ ಸಂಗತಿ ಕನ್ನಡಿಗರಲ್ಲಿಯೇ ಅನೇಕರಿಗೆ ಹೊಸದಾಗಿತ್ತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಗಳ ಹಾಡಿಗಳಿಂದ ಹೊರಟು, ಗಿಡಮೂಲಿಕೆ ಮತ್ತು ಕೇಶತೈಲಗಳನ್ನು ಮಾರುತ್ತ ಆಫ್ರಿಕದ ದೇಶಗಳನ್ನು ಸುತ್ತುವ ಈ ಜನರ ಸಾಹಸ ಸಾಮಾನ್ಯವಾದುದಲ್ಲ. ಬೇಟೆಯ ಬದುಕು ಕಾನೂನಿನಿಂದ ಮುಚ್ಚಿಹೋದ ಮೇಲೆ ಅವರು ತಾವೇ ಕಂಡುಕೊಂಡ ಕಾಯಕವದು. ಸಂಕಟ ಬಂದಾಗ ಅವರು ಬಾಡಿಗೆಯ ಕೋಣೆಗಳಲ್ಲಿ ಅನ್ನನೀರಿಲ್ಲದೆ ಕುಳಿತಿದ್ದರು. ಇಲ್ಲಿ ಚುನಾವಣೆಯ ಹೊತ್ತಾದ್ದರಿಂದ ರಾಜಕೀಯ ವಾಗ್ವಾದದ ವಸ್ತುವೂ ಆದರು. ಕಡೆಗೆ ಬಸ್ಸುಗಳಲ್ಲಿ ಪೋರ್ಟ್ ಸುಡಾನ್ ಬಂದರಿಗೆ, ಅಲ್ಲಿಂದ ನೌಕಾಪಡೆಯ ಹಡಗು ಇಲ್ಲವೆ ವಾಯುಪಡೆಯ ವಿಮಾನದಲ್ಲಿ ಜೆದ್ದಾಕ್ಕೆ, ಅಲ್ಲಿಂದ ಸ್ವದೇಶಕ್ಕೆ ಅವರನ್ನು ಕರೆತಂದುದು ಸರ್ಕಾರದ ಹಿರಿಮೆಯೇ. ಆದರೆ ಇಂಥವರು ಎಲ್ಲೆಲ್ಲಿದ್ದಾರೆಂಬ ಪಟ್ಟಿ ಗುಂಡು ಹಾರುವ ಮೊದಲು ಯಾರ ಬಳಿ ಇತ್ತು? 1983ರ ವಲಸೆ ಕಾಯಿದೆಯು ಉದ್ಯೋಗಕ್ಕಾಗಿ ಹೋಗುವವರನ್ನು ಗಮನದಲ್ಲಿಟ್ಟುಕೊಂಡು ರಚಿತವಾದುದು. ತಲೆಯ ಮೇಲೆ ಗಂಟು ಹೊತ್ತು ಮಾರುವವನೂ, ಓದಲು ಹೋಗುವವನೂ ಅದರ ಕಣ್ಣಿಗೆ ಬೀಳುವವರಲ್ಲ.

ಮರಳಿ ಬಂದ ಮೇಲೂ ನೆರವು ಮುಗಿಯುವುದಿಲ್ಲ. ಉಕ್ರೇನಿನಿಂದ ಬಂದ ವೈದ್ಯ ವಿದ್ಯಾರ್ಥಿಗಳನ್ನು ಭಾರತದ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅಂತಿಮ ವರ್ಷದವರಿಗೆ ಮಾತ್ರ ಇಲ್ಲಿಯೇ ಪರೀಕ್ಷೆ ಬರೆಯುವ ಸೀಮಿತ ಅವಕಾಶ ಮುಂದಿನ ವರ್ಷ ದೊರೆಯಿತು. ಉಳಿದವರಲ್ಲಿ ಕೆಲವರು ಬೇರೆ ದೇಶಗಳ ಕಾಲೇಜುಗಳನ್ನು ಅರಸಬೇಕಾಯಿತು. ವೈದ್ಯಶಿಕ್ಷಣದ ಗುಣಮಟ್ಟ ಕಾಪಾಡಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಪ್ರಾಣ ಉಳಿಸಿ ತಂದವನ ಬಾಳನ್ನು ನಡುನೀರಿನಲ್ಲಿ ಬಿಡುವುದು ಎಲೆ ಹಾಕಿ ಅನ್ನ ಬಡಿಸದಂತೆ. ಕುವೈತಿನಿಂದ ಮರಳಿದವರ ವಿಷಯದಲ್ಲಿ ವಿಶ್ವಸಂಸ್ಥೆಯು 1991ರಲ್ಲಿ ಪರಿಹಾರ ಆಯೋಗವೊಂದನ್ನು ನೇಮಿಸಿ, ಕಾಲಕ್ರಮದಲ್ಲಿ ಪರಿಹಾರ ದೊರಕಿಸಿತೆಂಬುದು ಇಲ್ಲಿ ಸ್ಮರಣೀಯ. ಕಳೆದುಕೊಂಡದ್ದನ್ನು ಕಟ್ಟಿಕೊಡಲು ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಅದೊಂದು ನಿದರ್ಶನ.

ಆದುದರಿಂದ ಆಗಬೇಕಾದವು ಮೂರು. ಮೊದಲನೆಯದಾಗಿ, ಹೊರಡುವಾಗಲೇ ನೋಂದಣಿಯಾಗಬೇಕು. ವಿದ್ಯಾರ್ಥಿ, ವ್ಯಾಪಾರಿ, ಯಾತ್ರಿಕ, ಕೂಲಿಕಾರ ಎಂಬ ಭೇದವಿಲ್ಲದೆ ಆ ಸೌಲಭ್ಯ ತಾಲ್ಲೂಕು ಕಚೇರಿಯಲ್ಲಿ, ಕನ್ನಡದಲ್ಲಿ, ಓದು ಬಾರದವನಿಗೂ ದೊರಕುವಂತಿರಬೇಕು. ಎರಡನೆಯದಾಗಿ, ಅಪಾಯದ ಮುನ್ಸೂಚನೆ ಬರಿಯ ಮಾತಾಗಿರದೆ ಸಾಧನವನ್ನೂ ಒಳಗೊಂಡಿರಬೇಕು. ‘ಹೊರಡಿ’ ಎಂದು ಹೇಳಿದ ದಿನವೇ ಹೊರಡುವ ದಾರಿಯನ್ನೂ ತೋರಿಸಬೇಕು. ಮೂರನೆಯದಾಗಿ, ಮರಳಿದವರ ಓದು, ಉದ್ಯೋಗ, ಸಾಲಗಳ ಬಗ್ಗೆ ಒಂದು ಸ್ಥಿರವಾದ ನಿಯಮವಿರಬೇಕು. ಪ್ರತಿ ಸಲವೂ ನ್ಯಾಯಾಲಯದ ಮೆಟ್ಟಿಲೇರುವ ಪಾಡು ಅವರಿಗೆ ಬರಬಾರದು.

ಈ ಕಾರ್ಯವೆಲ್ಲ ಸರ್ಕಾರದ್ದೇ ಎಂದು ಕೈಕಟ್ಟಿ ಕುಳಿತುಕೊಳ್ಳುವುದೂ ಸಲ್ಲದು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು, ಅಲ್ಲಿಯ ಶಾಲೆಗಳಲ್ಲಿ ಅಕ್ಷರ ಕಲಿತು, ಸಾಗರದಾಚೆ ಹೋದವರು ಇಂದು ಎಷ್ಟೋ ಮಂದಿ. ಸ್ಮರಣ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿಗಳ ಸಾಧನೆಗಳು ಅಚ್ಚಾಗುತ್ತವೆ. ಅವರು ಯಾವ ದೇಶದ ಯಾವ ಊರಿನಲ್ಲಿದ್ದಾರೆ, ಆಪತ್ತಿನಲ್ಲಿ ಊರಿನಲ್ಲಿ ಯಾರಿಗೆ ತಿಳಿಸಬೇಕು ಎಂಬ ವಿವರವು ಶಾಲೆಯ ಕಚೇರಿಯಲ್ಲಿ ಇರುವುದು ಅಪರೂಪ. ದಾಖಲಾತಿ ಪುಸ್ತಕದ ಪಕ್ಕದಲ್ಲಿ ಅಂಥದೊಂದು ಪುಸ್ತಕವನ್ನು ಇಡಲು ಹೆಚ್ಚಿನ ಖರ್ಚಿಲ್ಲ. ವಿದೇಶದ ಓದಿನ ಆಸೆ ಹೊತ್ತ ಹುಡುಗನಿಗೆ ಶುಲ್ಕದ ಲೆಕ್ಕದ ಜೊತೆಗೆ ಆ ದೇಶದ ಸ್ಥಿತಿಗತಿಗಳನ್ನೂ ರಾಯಭಾರ ಕಚೇರಿಯ ನೋಂದಣಿಯ ವಿಧಾನವನ್ನೂ ತಿಳಿಸಿಕೊಡುವುದು ಅಧ್ಯಾಪಕರಿಗೆ ಅಸಾಧ್ಯವೇನಲ್ಲ. ದತ್ತಿಗಳನ್ನು ಸ್ಥಾಪಿಸುವ ಮಹನೀಯರು ಬಹುಮಾನದ ಹಣದೊಡನೆ, ಆಪತ್ಕಾಲದಲ್ಲಿ ಬಡ ವಿದ್ಯಾರ್ಥಿಯೊಬ್ಬನ ವಿಮಾನದ ಟಿಕೆಟ್ಟಿಗಾಗುವಷ್ಟು ನಿಧಿಯನ್ನೂ ಮೀಸಲಿಟ್ಟರೆ ಅದು ಸಾರ್ಥಕ ದತ್ತಿಯಾದೀತು.

ಯುದ್ಧಗಳು ನಿಲ್ಲುವವೆಂದು ಆಶಿಸಬಹುದು, ನೆಚ್ಚಿ ಕುಳಿತಿರಲಾಗದು. ನಾಳೆ ಯಾವ ದೇಶದಲ್ಲಿ ಕಿಡಿ ಹಾರುವುದೋ ಯಾರೂ ಅರಿಯರು. ಅಲ್ಲಿ ಕನ್ನಡ ನಾಡಿನ ಒಂದು ಮಗು ಇದ್ದೇ ಇರುವುದೆಂಬುದು ಮಾತ್ರ ಬಹುಮಟ್ಟಿಗೆ ಖಚಿತ. ಆ ಮಗುವಿನ ಹೆಸರು ಮೊದಲೇ ಒಂದು ಪುಸ್ತಕದಲ್ಲಿ ಬರೆದಿದ್ದರೆ, ಅದನ್ನು ಕರೆತರುವ ಕೆಲಸದಲ್ಲಿ ಅರ್ಧ ಅಂದೇ ಮುಗಿದಂತೆ.