ಟ್ರಿಗರ್ ಬದಲಿಸಬೇಕೆ, ಬೆರಳು ಪಳಗಿಸಬೇಕೆ?

ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ನಮ್ಮಲ್ಲಿ ಬಹಳ ಮಂದಿ ಓದಿದ್ದಾರೆ. ಬೆಂಗಳೂರಿನ ಆ ಬೇಟೆಗಾರ ಕಾಡಿಗೆ ಒಯ್ಯುತ್ತಿದ್ದದ್ದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್. ಟ್ರಿಗರಿನ ಸುತ್ತ ಇರುವ ಲಿವರನ್ನು ಕೆಳಗೆ ತಳ್ಳಿದರೆ ಖಾಲಿ ತೋಟೆ ಹೊರಬೀಳುತ್ತದೆ, ಹ್ಯಾಮರ್ ಹಿಂದೆ ಸರಿಯುತ್ತದೆ. ಮತ್ತೆ ಮೇಲೆತ್ತಿದರೆ ಹೊಸ ತೋಟೆ ನಳಿಗೆಯೊಳಗೆ ಕೂರುತ್ತದೆ. ಅಮೆರಿಕದಲ್ಲಿ ಇಂಥ ರೈಫಲ್‌ಗಳಿಗೆಂದೇ ಸ್ಪರ್ಧೆಗಳಿವೆ. ಅವಕ್ಕೆ ಇಳಿಯುವವರಲ್ಲಿ ಅನೇಕರು ಮೊದಲು ಮಾಡುವ ಕೆಲಸ ಕಂಪನಿ ಕೊಟ್ಟ ಟ್ರಿಗರ್ ತೆಗೆಸಿ ಹಗುರವಾದದ್ದನ್ನು ಹಾಕಿಸುವುದು.

ನಮ್ಮಲ್ಲಿ ಗುರಿ ಸ್ಪರ್ಧೆಗೆ ಬರುವ ಹುಡುಗರು ಹಿಡಿಯುವುದು ಹೆಚ್ಚಾಗಿ ಏರ್ ರೈಫಲ್, ಮುಂದೆ ಹೋದರೆ .22 ಬೋರಿನ ರೈಫಲ್. ಆದರೂ ಟ್ರಿಗರ್ ಬದಲಿಸಬೇಕೆ ಎಂಬ ಪ್ರಶ್ನೆ ಅವರಿಗೂ ತಪ್ಪಿದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರಿಭಂಗಿಯಲ್ಲಿ ಕಂಚು ಗೆದ್ದರು. ಕೊಲ್ಹಾಪುರ ನಮಗೆ ದೂರದ ಊರಲ್ಲ. ಬೀಳಗಿ, ಮುಧೋಳ, ಜಮಖಂಡಿಯ ಹುಡುಗ ಹುಡುಗಿಯರಿಗೂ ಅಂಥ ಪದಕದ ಆಸೆ ಹುಟ್ಟಿದರೆ ಅದು ಸಹಜ. ಆಸೆ ಹುಟ್ಟಿದ ಮೇಲೆ ಕೈಯಲ್ಲಿರುವ ಬಂದೂಕಿನ ಬಿಗಿ ಟ್ರಿಗರ್ ಅವರನ್ನು ಕಾಡದೆ ಬಿಡುವುದಿಲ್ಲ.

ಬದಲಿಸಬೇಕು ಎನ್ನುವವರ ಮಾತನ್ನು ಮೊದಲು ಕೇಳೋಣ. ಗುರಿ ಕೆಡುವುದು ಹೆಚ್ಚಾಗಿ ಕಣ್ಣಿನಿಂದಲ್ಲ, ಬೆರಳಿನಿಂದ. ಬೇಟೆಗೋ ಕಾವಲಿಗೋ ಮಾಡಿದ ಬಂದೂಕಿನ ಟ್ರಿಗರ್ ಎರಡು ಕಿಲೋ ತೂಕದ ಎಳೆತ ಬೇಡುವುದು ಸಾಮಾನ್ಯ. ಎಳೆಯುತ್ತಾ ಹೋದಂತೆ ಒಳಗೆ ಲೋಹಕ್ಕೆ ಲೋಹ ಉಜ್ಜಿ ತಡೆತಡೆದು ಸರಿಯುತ್ತದೆ, ಯಾವ ಕ್ಷಣದಲ್ಲಿ ಹಾರುತ್ತದೆಂದು ಬೆರಳಿಗೆ ತಿಳಿಯುವುದಿಲ್ಲ. ಹಾರಿದ ಮೇಲೂ ಟ್ರಿಗರ್ ಹಿಂದಕ್ಕೆ ಕುಸಿದು ಕೈಯನ್ನು ಅಲುಗಿಸುತ್ತದೆ. ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವೆ ಅರ್ಧ ಮೀಟರ್ ಅಂತರವಿದೆ ಎಂದುಕೊಳ್ಳಿ. ಎಳೆಯುವಾಗ ಮುಂದಿನದು ಅರ್ಧ ಮಿಲಿಮೀಟರ್ ಸರಿದರೆ 10 ಮೀಟರ್ ದೂರದ ಗುರಿ ಕಾರ್ಡಿನಲ್ಲಿ ಗುಂಡು 10 ಮಿಲಿಮೀಟರ್ ಆಚೆ ಬೀಳುತ್ತದೆ. ಏರ್ ರೈಫಲ್ ಕಾರ್ಡಿನಲ್ಲಿ ಹತ್ತರ ಚುಕ್ಕೆಯ ಅಗಲವೇ ಅರ್ಧ ಮಿಲಿಮೀಟರ್, ಒಂದೊಂದು ವೃತ್ತದ ನಡುವಿನ ಅಂತರ ಎರಡೂವರೆ ಮಿಲಿಮೀಟರ್. ಅಂದರೆ ಒಂದೇ ಏಟಿಗೆ ನಾಲ್ಕು ಅಂಕ ಹೋದಂತೆ.

ಲಿವರ್ ರೈಫಲ್‌ಗಳಲ್ಲಿ ಇನ್ನೊಂದು ತೊಂದರೆಯಿದೆ. ಮಾರ್ಲಿನ್ ಕಂಪನಿಯ ಬಹಳಷ್ಟು ಮಾದರಿಗಳಲ್ಲಿ ಟ್ರಿಗರ್ ಬೇರೆ, ಹ್ಯಾಮರನ್ನು ಹಿಡಿದಿಡುವ ತುಂಡು ಬೇರೆ. ಹೀಗಾಗಿ ಟ್ರಿಗರ್ ಸಡಿಲವಾಗಿ ಹಿಂದೆ ಮುಂದೆ ಆಡುತ್ತಿರುತ್ತದೆ. ಬದಲಿಯಾಗಿ ಸಿಗುವ ಒಂದೇ ತುಂಡಿನ ಟ್ರಿಗರ್ ಹಾಕಿದರೆ ಆ ಆಟ ನಿಲ್ಲುತ್ತದೆ. ಸಮಾನತೆಯ ಮಾತೂ ಇದೆ. ಪೇಟೆಯ ಹುಡುಗ ನೂರು ಗ್ರಾಂ ಆಸುಪಾಸಿನಲ್ಲಿ ಹಾರುವ ಆಮದು ರೈಫಲ್ ಹಿಡಿದು ನಿಂತರೆ, ಹಳ್ಳಿಯ ಹುಡುಗಿ ಅದೇ ಸಾಲಿನಲ್ಲಿ ಬಿಗಿ ಟ್ರಿಗರಿನೊಂದಿಗೆ ಗುದ್ದಾಡಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಏರ್ ರೈಫಲಿನ ಟ್ರಿಗರ್ ಎಷ್ಟು ಹಗುರವಿರಬಹುದು ಎಂಬುದಕ್ಕೆ ಮಿತಿಯಿಲ್ಲ. ನಿಯಮವೇ ಒಪ್ಪಿದ್ದನ್ನು ಬಡವರ ಮಕ್ಕಳಿಗೆ ಮಾತ್ರ ಬೇಡ ಎನ್ನುವುದು ನ್ಯಾಯವಲ್ಲ.

ಈಗ ಬೇಡ ಎನ್ನುವವರ ಮಾತು. ಅವರ ಮೊದಲ ಚಿಂತೆ ಜೀವದ್ದು. ಲಿವರ್ ಪೂರ್ತಿ ಮುಚ್ಚದ ಹೊರತು ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಒಂದು ಚಿಕ್ಕ ತುಂಡು ಅನೇಕ ಲಿವರ್ ರೈಫಲ್‌ಗಳ ಒಳಗಿರುತ್ತದೆ. ಹ್ಯಾಮರ್ ಕೈತಪ್ಪಿದರೆ ನಡುವೆ ಹಿಡಿದು ನಿಲ್ಲಿಸಲು ಒಂದು ಕಚ್ಚೂ ಇರುತ್ತದೆ. ಎಳೆತ ಹಗುರ ಮಾಡುವ ಭರದಲ್ಲಿ ಇವುಗಳ ಹೊಂದಾಣಿಕೆ ಕೂದಲೆಳೆಯಷ್ಟು ಕೆಟ್ಟರೂ, ಲಿವರ್ ಜೋರಾಗಿ ಮುಚ್ಚಿದಾಗಲೋ ಬಂದೂಕು ಕೆಳಗೆ ಬಿದ್ದಾಗಲೋ ಗುಂಡು ಹಾರೀತು. ಈ ಭಯ ಉತ್ಪ್ರೇಕ್ಷೆಯಲ್ಲ. ನಿಯಮ ಮಾಡಿದವರೂ ಇದನ್ನು ಬಲ್ಲರು. 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1,000 ಗ್ರಾಂ ಎಳೆತ ಇರಲೇಬೇಕು. ಸ್ಪರ್ಧೆಯಲ್ಲಿ ಇದನ್ನು ಪರೀಕ್ಷಿಸುವ ಕ್ರಮ ಸರಳ. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಮೇಜಿನ ಮೇಲಿನ ತೂಕದ ಕಲ್ಲನ್ನು ಟ್ರಿಗರಿಗೆ ಸಿಕ್ಕಿಸಿ ಎತ್ತುತ್ತಾರೆ. ಕಲ್ಲು ಮೇಲೆದ್ದರೆ ಪಿಸ್ತೂಲು ಪಾಸ್, ಟ್ರಿಗರ್ ಕಳಚಿಕೊಂಡರೆ ಫೇಲ್.

ಎರಡನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅರ್ಥದಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಅದರ 5ನೇ ಕಲಮಿನ ಪ್ರಕಾರ ಬಂದೂಕನ್ನು ಪರಿವರ್ತಿಸಲು, ರಿಪೇರಿ ಮಾಡಲು ಅದಕ್ಕೆಂದೇ ಲೈಸೆನ್ಸ್ ಬೇಕು. ಹೊರದೇಶದಿಂದ ತರಿಸಲು ಬೇರೆಯದೇ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಯಲ್ಲಿ ಕುಳಿತು ಅರ ಹಿಡಿಯುವ ಹಕ್ಕು ಬರುವುದಿಲ್ಲ. .177 ಬೋರಿನ ಒಳಗಿನ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ಮಾತ್ರ ಲೈಸೆನ್ಸಿನ ಗೊಡವೆಯಿಲ್ಲ.

ಮೂರನೆಯದು ನಮ್ಮ ನೆಲಕ್ಕೆ ಸೇರಿದ ಮಾತು. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಒಪ್ಪದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದರು, ಗಲ್ಲಿಗೂ ಏರಿದರು. ಮಹಾನವಮಿಯ ಖಂಡೇಪೂಜೆಯಲ್ಲಿ ಇಂದಿಗೂ ಆಯುಧಕ್ಕೆ ಕುಂಕುಮ ಇಡುವ ಮನೆಗಳಿವೆ. ಆಯುಧವನ್ನು ಇಷ್ಟು ಗೌರವಿಸುವ ನೆಲದಲ್ಲಿ, ಅಜ್ಜನ ಕಾಲದ ರೈಫಲ್ ಇದ್ದರೆ ಅದರ ಒಳಗಿನ ಒಂದೊಂದು ತುಂಡಿಗೂ ಬೆಲೆಯಿದೆ. ಒಮ್ಮೆ ಅರೆದ ಲೋಹ ಮರಳಿ ಬರುವುದಿಲ್ಲ.

ನಾಲ್ಕನೆಯದು ಅಭ್ಯಾಸ. ಖಾಲಿ ಬಂದೂಕಿನ ನಳಿಗೆಯ ತುದಿಗೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯುವುದು ಹಳೆಯ ಪಾಠ. ಇದಕ್ಕೆ ಗುಂಡಿನ ಖರ್ಚಿಲ್ಲ, ರೇಂಜೂ ಬೇಡ. ಕೊಠಡಿಯಲ್ಲಿ ಗುಂಡು ಒಂದೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡರೆ ಸಾಕು. ಕೆಲವು ಬಂದೂಕುಗಳಿಗೆ, ವಿಶೇಷವಾಗಿ .22ಕ್ಕೆ ಮತ್ತು ಸ್ಪ್ರಿಂಗ್ ಏರ್ ರೈಫಲಿಗೆ, ಖಾಲಿ ಹೊಡೆತ ಒಗ್ಗುವುದಿಲ್ಲ. ಕೋಚ್ ಅವರನ್ನು ಕೇಳಿಯೇ ಮಾಡಬೇಕು. ಬಿಗಿ ಟ್ರಿಗರಿನಲ್ಲೂ ನಾಣ್ಯ ಬೀಳಿಸದ ಬೆರಳು ಹಗುರ ಟ್ರಿಗರಿನಲ್ಲಿ ತಾನಾಗಿ ಗೆಲ್ಲುತ್ತದೆ. ಪಳಗದ ಬೆರಳಿಗೆ ಹಗುರ ಟ್ರಿಗರ್ ಕೊಟ್ಟರೆ ಗುರಿ ನಿಲ್ಲುವ ಮೊದಲೇ ಗುಂಡು ಹೋಗಿರುತ್ತದೆ.

ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ, ಆದರೆ ಎಲ್ಲ ಬಂದೂಕಿಗೂ ಒಂದೇ ಉತ್ತರವಿಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆದ ಹೊಲದ ಬಂದೂಕಿನ ಟ್ರಿಗರನ್ನು ಯಾವ ಕಾರಣಕ್ಕೂ ಹಗುರ ಮಾಡಬಾರದು. ಕತ್ತಲಲ್ಲಿ ಬದು ದಾಟುವ ಕೈಗೆ ಆ ಬಿಗಿತವೇ ಕಾವಲು. ಹಳೆಯ ಲಿವರ್ ರೈಫಲ್ ಇದ್ದಂತೆಯೇ ಇರಲಿ. ಸ್ಪರ್ಧೆಗೆಂದೇ ಕೊಂಡ ರೈಫಲ್ ಆದರೆ ಬದಲಾವಣೆಗೆ ನನ್ನ ಒಪ್ಪಿಗೆಯಿದೆ, ಆದರೆ ಈ ಕ್ರಮದಲ್ಲಿ: ಮೊದಲು ಬೆರಳು ಪಳಗಲಿ, ಆಮೇಲೆ ಇರುವ ಸ್ಕ್ರೂಗಳಲ್ಲೇ ಹೊಂದಿಸಿ ನೋಡಲಿ, ಅದೂ ಸಾಲದಿದ್ದರೆ ಲೈಸೆನ್ಸ್ ಇರುವ ಬಂದೂಕು ಮಿಸ್ತ್ರಿಯಿಂದ ಹೊಸದನ್ನು ಹಾಕಿಸಲಿ.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮಗಳು ಟ್ರಿಗರ್ ಬದಲಿಸಿಕೊಡಿ ಎಂದಾಗ ಮೊದಲು ಒಬ್ಬ ಒಳ್ಳೆಯ ಕೋಚ್‌ ಹತ್ತಿರ ಕರೆದೊಯ್ಯಿರಿ. ಆ ಖರ್ಚು ಮೊದಲು, ಟ್ರಿಗರಿನ ಖರ್ಚು ಆಮೇಲೆ.