ಕೂತು ಉಣ್ಣುವವರ ಕಾಯಿಲೆ

ಮೂತ್ರಕ್ಕೆ ಸಂಬಂಧಿಸಿದ ಕಾಯಿಲೆಗಳ ಗುಂಪಾದ ಪ್ರಮೇಹದ ಕಾರಣಗಳನ್ನು ಹೇಳುವಾಗ ಆಯುರ್ವೇದದ ಚರಕ ಸಂಹಿತೆ ಶುರುಮಾಡುವುದು ಸಿಹಿಯಿಂದಲ್ಲ, ಕೂತಲ್ಲೇ ಕೂರುವ ಸುಖದಿಂದ. ನಿದ್ದೆಯ ಸುಖ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸುಗಳು ಆಮೇಲೆ ಬರುತ್ತವೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರು ಆ ಕೊನೆಯ ಹೆಸರನ್ನು ಗಮನಿಸಬೇಕು. ಪ್ರಮೇಹಗಳು ಒಟ್ಟು 20, ಮಧುಮೇಹ ಅವುಗಳಲ್ಲೊಂದು.

ಆಯುರ್ವೇದದ ಇನ್ನೊಂದು ಗ್ರಂಥ ಸುಶ್ರುತ ಸಂಹಿತೆ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯ ರೋಗಿ ಬಡಕಲು, ಎರಡನೆಯವನು ಸ್ಥೂಲಕಾಯ. ಮಧುಮೇಹದ ಇಂದಿನ ಟೈಪ್ 1, ಟೈಪ್ 2 ವಿಂಗಡಣೆಗೆ ಇದು ತೀರ ಹತ್ತಿರವಾಗಿದ್ದರೂ ಎರಡೂ ಒಂದೇ ಎನ್ನುವಂತಿಲ್ಲ. ಹಣವಿಲ್ಲದ ರೋಗಿಗೆ ಆ ಗ್ರಂಥ ಸೂಚಿಸುವ ಉಪಾಯ ಸ್ವಾರಸ್ಯಕರ: ಕೊಡೆ, ಪಾದರಕ್ಷೆಗಳಿಲ್ಲದೆ 100 ಯೋಜನ ನಡೆಯುವುದು, ಇಲ್ಲವೇ ಬಾವಿ ತೋಡುವುದು. ಊಟಕ್ಕೆ ಅಕ್ಕಿಗಿಂತ ಜವೆಗೋಧಿಗೆ ಮನ್ನಣೆ.

ಕಾಯಿಲೆ ಬರುವ ಮುಂಚಿನ ಮಾತು ದಿನ ಮತ್ತು ಋತುಗಳಿಗೆ ತಕ್ಕ ನಿಯಮಗಳಾದ ದಿನಚರ್ಯೆ, ಋತುಚರ್ಯೆಗಳಲ್ಲಿದೆ. ವ್ಯಾಯಾಮ ಅರ್ಧ ಶಕ್ತಿಯಷ್ಟು. ಹೊಟ್ಟೆಯ ಒಂದು ಪಾಲು ಗಟ್ಟಿ ಆಹಾರಕ್ಕೆ, ಒಂದು ದ್ರವಕ್ಕೆ, ಉಳಿದದ್ದು ಖಾಲಿ. ಹಿಂದಿನ ಊಟ ಅರಗಿದ ಮೇಲೆಯೇ ಮುಂದಿನದು. ಇದಕ್ಕೆ ಯಾವ ಡಬ್ಬಿಯನ್ನೂ ಕೊಳ್ಳಬೇಕಿಲ್ಲ. ಆದರೆ ಅಂಗಡಿಗಳಲ್ಲಿ ಆಯುರ್ವೇದವೆಂದರೆ ‘ಶುಗರ್’ ಚೂರ್ಣ ಎಂಬಂತಾಗಿದೆ. ಕೆಲವು ರಸೌಷಧಿಗಳಲ್ಲಿ ಪಾದರಸ, ಸೀಸ ಇರುವುದರಿಂದ ಅವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಅಪಾಯ. ಚೂರ್ಣ ನಂಬಿ ಇನ್ಸುಲಿನ್ ನಿಲ್ಲಿಸುವುದಂತೂ ಪ್ರಾಣಕ್ಕೇ ಕುತ್ತು.

— ಓದುಗರೊಬ್ಬರು, ಮೈಸೂರು