ದೊಡ್ಡಮ್ಮ ಅಂತ ಹೆಸರಿಟ್ರೆ ಬಂದೂಕ ಮನೆಯೋಳಾಗಲ್ಲ

ಅಕ್ಕಂದಿರೇ, ಅತ್ತಿಗೇರೇ, ಪಕ್ಕದ ಲೈನಿನ ಚಿಕ್ಕಮ್ಮಂದಿರೇ, ಈ ಸಲ ಹುರುಳಿ ಬಸ್ಸಾರೂ ಇಲ್ಲ, ಮಾವಿನಕಾಯಿ ತೊಕ್ಕೂ ಇಲ್ಲ. ಈ ಸಲ ಬಂದೂಕದ ಮಾತು. ಅಡುಗೆಮನೆ ಹೆಂಗಸರಿಗೆ ಬಂದೂಕದ ಉಸಾಬರಿ ಯಾಕೆ ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ. ಆ ಬಂದೂಕ ಇರೋದು ನಾವು ಗುಡಿಸೋ ಮನೇಲಿ, ನಾವು ಮಕ್ಕಳನ್ನ ಮಲಗಿಸೋ ರೂಮಲ್ಲಿ, ನಾವು ಸೀರೆ ಮಡಿಸಿ ಇಕ್ಕೋ ಬೀರುವಲ್ಲಿ. ಅದುಕ್ಕೆ ನಮಗೂ ಮಾತಾಡೋ ಹಕ್ಕೈತೆ.

ನನ್ನ ಮಾತು ಇಷ್ಟೇ. ಕೆಲಸ ಮುಗಿದಿರೋ ಹಳೇ ಬೇಟೆ ಬಂದೂಕನ್ನ ಪ್ರೀತಿ, ಪರಂಪರೆ, ಅಜ್ಜನ ನೆನಪು ಅಂತ ಮನೆಯೊಳಗೆ ಇಟ್ಕೊಂಡು ಕೂರೋದು ಬರೀ ಶೋಕಿ. ಶೋಕಿ ಗಂಡಸರದ್ದು. ಅದರ ಭಯ, ಬೀಗ, ಕಾಗದ, ಸ್ಟೇಷನ್ ಓಡಾಟ ಹೆಂಗಸರದ್ದು. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಈಗ ನಮ್ ಕಡೆ ಹೊಸದಾಗಿ ಹತ್ತಿರೋದು ಲಿವರ್ ಬಂದೂಕದ ಹುಚ್ಚು. ಮಾರಿಕುಪ್ಪಂ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರೋ ಹುಡುಗರ ಮೊಬೈಲಲ್ಲಿ ಅದೇ, ಮದುವೆ ಮನೇಲಿ ಎಲೆ ಅಡಿಕೆ ತಟ್ಟೆ ಸುತ್ತ ಕೂತಿರೋ ಮಾವಂದಿರ ಬಾಯಲ್ಲೂ ಅದೇ. ಏನಪ್ಪಾ ಅಂಥಾದ್ದು ಅಂತ ನಾನೂ ಕೇಳಿ ತಿಳ್ಕೊಂಡೆ. ಟ್ರಿಗರ್ ಸುತ್ತ ಕಬ್ಬಿಣದ ಬಳೆ ಥರ ಒಂದು ಹಿಡಿ ಇರ್ತೈತೆ. ಬೀದಿ ಬೋರ್‌ವೆಲ್ ಕೈಪಂಪು ಒತ್ತಿ ಎತ್ತಿದಂಗೆ ಅದನ್ನ ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದ್ರೆ ಸುಟ್ಟ ತೋಟಾ ಹೊರಕ್ಕೆ ಹಾರಿ ಹೊಸ ತೋಟಾ ಒಳಕ್ಕೆ ಕೂರ್ತೈತೆ. ಚಕ್ ಚಕ್ ಅಂತ ಸದ್ದು. ಆ ಸದ್ದಿಗೆ ಇವರು ಮರುಳು. ಕೈಪಂಪಿನ ಸದ್ದಿಗೆ ಯಾವ ಗಂಡಸೂ ಮರುಳಾಗಿದ್ದು ನಾನು ಕಾಣೆ, ಬಿಂದಿಗೆ ಹೊತ್ತಿದ್ದೂ ಕಾಣೆ.

ಇದನ್ನ ಮಾಡಿ ಮಾರಿದೋರಲ್ಲಿ ದೊಡ್ಡ ಹೆಸರು ಅಮೆರಿಕದ ಆಲಿವರ್ ವಿಂಚೆಸ್ಟರ್. ಆಯಪ್ಪ ಮೊದಲು ಅಂಗಿ ಹೊಲಿಸೋ ಕಾರ್ಖಾನೆ ಇಟ್ಕೊಂಡಿದ್ದೋನು. ಆಮೇಲೆ ಬಂದೂಕಕ್ಕೆ ಇಳಿದ. 1866ರಲ್ಲಿ ಅವನ ಹೆಸರಿನ ಕಂಪನಿ ಶುರುವಾಯ್ತು. 1873ರ ಮಾಡಲ್ಲು, 1894ರದ್ದು, 1895ರದ್ದು ಅಂತ ಬಂದವು. ನಮ್ ಗಂಡಸರು ಈ ಇಸವಿಗಳನ್ನ ಮಗ್ಗಿ ಥರ ಒಪ್ಪಿಸ್ತಾರೆ. ಹೆಂಡ್ತಿ ಹುಟ್ಟಿದ ಇಸವಿ ಕೇಳಿ ನೋಡಿ, ತಡಕಾಡ್ತಾರೆ.

ಈ ಹುಚ್ಚು ನಮ್ ಕಡೆಗೆ ಬಂದಿದ್ದು ಎರಡು ದಾರೀಲಿ. ಒಂದು ಪುಸ್ತಕದ ದಾರಿ. ಬೆಂಗಳೂರಿನಲ್ಲಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ ಕತೆಗಳನ್ನ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ನಾನೂ ಓದಿದ್ದೀನಿ. ರಾತ್ರಿ ಹಿತ್ತಲಿಗೆ ಹೋಗೋಕೆ ಹೆದರಿಕೆ ಆಗಂಗೆ ಬರೆದವರೆ. ಆ ಆಂಡರ್ಸನ್ ಕೈಯಲ್ಲಿದ್ದಿದ್ದು ಪಾಯಿಂಟ್ 405 ವಿಂಚೆಸ್ಟರ್, ಅದೇ 1895ರ ಲಿವರ್ ಬಂದೂಕ. ಇನ್ನೊಂದು ಸಿನಿಮಾ ದಾರಿ. ನಮ್ ಸೈನೈಡ್ ದಿಬ್ಬದ ಮೇಲೇ ಶೂಟಿಂಗ್ ಮಾಡಿ, ನಮ್ಮೂರಿನ ಹೆಸರೇ ಇಟ್ಟು, 2022ರ ಎರಡನೇ ಭಾಗದಲ್ಲಿ ಒಂದು ಮಿಷನ್ ಗನ್ನಿಗೆ ‘ದೊಡ್ಡಮ್ಮ’ ಅಂತ ಕರೆದ್ರು. ಥಿಯೇಟರಲ್ಲಿ ಶಿಳ್ಳೆಯೋ ಶಿಳ್ಳೆ. ಪಾಳಿ ಮುಗಿಸಿ ಗಂಡ ಮೇಲಕ್ಕೆ ಬರೋವರೆಗೂ ಬಾಗಿಲಲ್ಲೇ ಕೂತಿರ್ತಿದ್ದ ನಿಜವಾದ ದೊಡ್ಡಮ್ಮಂದಿರಿಗೆ ಯಾರೂ ಶಿಳ್ಳೆ ಹೊಡೀಲಿಲ್ಲ.

ನಮ್ ಬಂಧುಬಳಗದಲ್ಲಿ ವಿಂಚೆಸ್ಟರ್ ಯಾರ ಮನೇಲೂ ಇಲ್ಲ. ಇರೋದು ಹಳ್ಳಿ ಕಡೆ ಮನೆಗಳಲ್ಲಿ ಜೋಡಿ ನಳಿಗೆ ಬಂದೂಕ, ಇಲ್ಲಾಂದ್ರೆ ಮದ್ದು ತುಂಬಿ ಕೇಪು ಇಕ್ಕಿ ಹೊಡೆಯೋ ನಾಡ ಬಂದೂಕ, ಬೆಳೆ ಕಾಯೋಕೆ ಅಂತ ಲೈಸೆನ್ಸ್ ತಗೊಂಡಿದ್ದು. ಆದ್ರೆ ಹುಚ್ಚು ಒಂದೇ. ಎಣ್ಣೆ ಹಚ್ಚೋದು, ಬಟ್ಟೆ ಒರೆಸೋದು, ಬಂದ ನೆಂಟರಿಗೆಲ್ಲಾ ತೋರಿಸೋದು. ವಿದೇಶಿ ಬಂದೂಕ ಸಾಮಾನ್ಯ ಜನ ತರಿಸ್ಕೊಳ್ಳೋದು 1980ರ ದಶಕದ ನಡುವೆ ನಿಂತುಹೋಯ್ತು. ಅದುಕ್ಕೆ ಹಳೇದಕ್ಕೆ ಬೆಲೆ ಏರ್ತು, ಬೆಲೆ ಏರಿದ ಮೇಲೆ ಮೋಹವೂ ಏರ್ತು. ಇದು ಚಿನ್ನದ ಊರು, ನಮಗೆ ಗೊತ್ತಿಲ್ಲದ ವಿಷಯವಾ? ಸಿಗದೇ ಇರೋದಕ್ಕೇ ಜನ ಸಾಯೋದು.

ಈಗ ಅವರ ವಾದ ಒಂದೊಂದೇ ನೋಡೋಣ.

ಮೊದಲನೇದು, ಇದು ನಮ್ಮ ಪರಂಪರೆ ಅನ್ನೋದು. ಯಾರ ಪರಂಪರೆ ಸ್ವಾಮಿ? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿ ಬಂಗಲೆ ಕಟ್ಟಿಸ್ಕೊಂಡೋರು ದೊರೆಗಳು. ರಜಾ ದಿನ ಬಂದೂಕ ಹೆಗಲಿಗೆ ಹಾಕ್ಕೊಂಡು ಬೇಟೆಗೆ ಹೋಗೋ ಪುರುಸೊತ್ತು ಇದ್ದಿದ್ದು ಅವರಿಗೆ. ನಮ್ಮೋರು ಹೋಗಿದ್ರೆ ತಮಟೆ ಬಡಿದು ಪ್ರಾಣಿ ಎಬ್ಬಿಸೋಕೆ, ಸತ್ತ ಮೇಲೆ ಹೊತ್ಕೊಂಡು ಬರೋಕೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಮೈನು, ಊರಿಗಾಂ ಎಲ್ಲಾ ಕಡೆ ನಮ್ಮ ತಾತಂದಿರ ಕೈಲಿದ್ದಿದ್ದು ಸುತ್ತಿಗೆ, ಜಂಪರ್, ದೀಪ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದೋರು ಅವರು. ಕಲ್ಲು ಸಿಡಿದು ಸತ್ತೋರು, ಎದೆಗೂಡಿಗೆ ಧೂಳು ತುಂಬ್ಕೊಂಡು ಕೆಮ್ಮಿ ಕೆಮ್ಮಿ ಹೋದೋರು. 2001ರ ಫೆಬ್ರವರಿ 28ಕ್ಕೆ ಮೈನು ಮುಚ್ಚಿದಾಗ ಆ ತಲೆಗೋಪಿ, ಆ ದೀಪ, ಆ ಊಟದ ಕ್ಯಾರಿಯರ್ರು ಎಷ್ಟು ಮನೇಲಿ ಜೋಪಾನವಾಗಿ ಎತ್ತಿಟ್ರು? ಗುಜರಿ ಗಾಡಿ ಬಂದಾಗ ಮೊದಲು ಹೋಗಿದ್ದೇ ಅವು.

ನಮ್ ಮನೇದೇ ತಗೊಳ್ಳಿ. ನಮ್ಮತ್ತೆ ರಾಗಿ ಬೀಸಿದ ಕಲ್ಲು ಹಿತ್ತಲಲ್ಲಿ ಮಳೇಲಿ ನೆನೀತಾ ಬಿದ್ದೈತೆ. ನಮ್ಮಮ್ಮ ರವಿಕೆ ಹೊಲಿದು ನಾಲ್ಕು ಮಕ್ಕಳನ್ನ ಓದಿಸಿದ ಮಿಷನ್ನು ತೂಕದ ಲೆಕ್ಕದಲ್ಲಿ ಮಾರಿದ್ರು. ಅದಕ್ಕೂ ಲಿವರ್ ಇತ್ತು, ಅದೂ ಚಕ್ ಚಕ್ ಅಂತಿತ್ತು, ಅದು ಹೊಟ್ಟೆ ತುಂಬಿಸ್ತು. ಬಂದೂಕ ಮಾತ್ರ ಮಕಮಲ್ ಬಟ್ಟೇಲಿ ಸುತ್ತಿ ಬೀರುವಲ್ಲೈತೆ. ಹಳೇದು ಅಂತ ಪ್ರೀತಿ ಇದ್ದಿದ್ರೆ ಎಲ್ಲಾ ಹಳೇದರ ಮೇಲೂ ಇರ್ಬೇಕಿತ್ತು. ಇದು ಹಳೇದರ ಮೇಲಿನ ಪ್ರೀತಿಯಲ್ಲ, ದೊರೆತನದ ಮೇಲಿನ ಆಸೆ.

ಎರಡನೇದು, ಆಂಡರ್ಸನ್ ಜನಾನ ಕಾಪಾಡಲಿಲ್ವಾ ಅನ್ನೋದು. ಕಾಪಾಡಿದ, ಇಲ್ಲ ಅನ್ನಲ್ಲ. ಆದ್ರೆ ಲೆಕ್ಕ ನೋಡಿ. ಸರ್ಕಾರಿ ದಾಖಲೆ ಪ್ರಕಾರ 1939ರಿಂದ 1966ರವರೆಗೆ ಆಯಪ್ಪ ಹೊಡೆದ ನರಭಕ್ಷಕ ಚಿರತೆ 8, ಹುಲಿ 7. ಅಂಥಾ ದೊಡ್ಡ ಬೇಟೆಗಾರನಿಗೇ ಇಷ್ಟು ವರ್ಷದಲ್ಲಿ ಬಿದ್ದ ಆ ಕೆಲಸ 15 ಸಲ. ಕೊನೇ ಕಾಲಕ್ಕೆ ಬಂದೂಕ ಬುಟ್ಟು ಕ್ಯಾಮೆರಾ ಹಿಡಿದ. 1974ರಲ್ಲಿ ತೀರ್ಕೊಂಡ. ಇದೇ 1895ರ ವಿಂಚೆಸ್ಟರ್ ಮೆಚ್ಕೊಂಡಿದ್ದ ಇನ್ನೊಬ್ಬ ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್. 1909ರಲ್ಲಿ ಮಗನ ಜೊತೆ ಆಫ್ರಿಕಕ್ಕೆ ಹೋಗಿ ಅಪ್ಪ ಮಗ ಸೇರ್ಕೊಂಡು ಹೊಡೆದ ಪ್ರಾಣಿ 512. ಅಲ್ಲಿ ಯಾವ ಹಳ್ಳಿ ಕಾಪಾಡಿದ್ರು? ಬಂದೂಕ ಒಂದೇ, ಹಿಡಿದೋನ ಮನಸ್ಸು ಬೇರೆ. ಅದುಕ್ಕೇ ನಾನು ಬಂದೂಕದ ಅಂದ ನೋಡಲ್ಲ, ಅದು ಯಾರ ಕೈಲೈತೆ ಅಂತ ನೋಡ್ತೀನಿ.

ನಮ್ ದೇಶದಲ್ಲಿ ಆ ಕಾಲ 1972ಕ್ಕೇ ಮುಗೀತು, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೆಳೆ ಕಾಯೋ ಲೈಸೆನ್ಸು ಇದ್ರೂ ಜಿಂಕೆ, ಕೃಷ್ಣಮೃಗ, ಆನೆ ಹೊಡೆಯೋಕೆ ಅಲ್ಲ. ಕಾಮಸಮುದ್ರದ ಕಡೆ ತಮಿಳ್ನಾಡು, ಆಂಧ್ರ ಗಡಿ ದಾಟಿ ಬರೋ ಆನೆ ಹಿಂಡು ರಾಗಿ ತುಳಿದು, ಟೊಮೆಟೊ ತಿಂದು ಹೋಗ್ತೈತೆ. ಆ ಸಂಕಟ ಸುಳ್ಳಲ್ಲ, ನಮ್ ನಾದಿನಿ ಮನೆಯೋರ ಹೊಲವೂ ಅಲ್ಲೇ ಐತೆ. ಆದ್ರೆ ಆನೆ ಮುಂದೆ ಅಜ್ಜನ ಕೇಪಿನ ಬಂದೂಕ ಏನ್ ಮಾಡ್ತೈತೆ? ರೇಗಿಸ್ತೈತೆ ಅಷ್ಟೇ. ಅಲ್ಲಿ ಬೇಕಾಗಿರೋದು ಕಾವಲು, ಬೇಲಿ, ಹೊತ್ತಿಗೆ ಸರಿಯಾಗಿ ಬರೋ ಪರಿಹಾರ.

ಮೂರನೇದು, ಕೊಡಗಿನವರನ್ನ ನೋಡಿ ಅನ್ನೋದು. ನೋಡೋಣ ಬನ್ನಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಐತೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸ್ತು, ಹೈಕೋರ್ಟು 2021ರಲ್ಲಿ ಅದನ್ನ ಎತ್ತಿ ಹಿಡೀತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕು ಪೂಜೆ, ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಯಾರಾದ್ರೂ ಸತ್ರೆ ಎರಡು ಗುಂಡು. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋ ಸ್ಪರ್ಧೇಲಿ ಹೆಂಗಸರೂ ನಿಂತು ಹೊಡೀತಾರೆ. ಅಂದ್ರೆ ಅಲ್ಲಿ ಅದು ಊರಿನ ಕಟ್ಟಳೆ ಒಳಗೈತೆ, ಎಲ್ಲರ ಕಣ್ಣ ಮುಂದೈತೆ. ನಮ್ ಮನೇಲಿ? ತೋಟಾ ಎಲ್ಲೈತೆ ಅಂತ ಹೆಂಡ್ತಿಗೆ ಗೊತ್ತಿಲ್ಲ, ತುಂಬೈತಾ ಖಾಲಿ ಐತಾ ಅಂತ ನೋಡೋಕೆ ಬರಲ್ಲ. ‘ನೀನ್ ಮುಟ್ಟಬ್ಯಾಡ’ ಅಂತಾರೆ. ಒರೆಸೋಕೆ ಮಾತ್ರ ಕರೀತಾರೆ. ಕೊಡಗಿನ ಹೆಸರು ಹೇಳೋ ಮೊದಲು ಕೊಡಗಿನ ಹೆಂಗಸಿಗಿರೋ ತಿಳುವಳಿಕೆ ನಮಗೂ ಕೊಡಿ.

ಈಗ ನಾವು ಬಾಯಿಬಿಟ್ಟು ಹೇಳದೇ ಇರೋ ಮಾತಿಗೆ ಬರ್ತೀನಿ. ಕುಡಿಯೋ ಗಂಡಸು ಇರೋ ಮನೇಲಿ ಗೋಡೆ ಮೇಲೆ ಒಂದು ಬಂದೂಕ ಇದ್ರೆ ಅಲ್ಲಿ ನಡೆಯೋ ಜಗಳವೇ ಬೇರೆ. ಅವನು ಅದನ್ನ ಮುಟ್ಟಬೇಕಾಗಿಲ್ಲ, ಬರೀ ಆ ಕಡೆ ನೋಡಿದ್ರೆ ಸಾಕು, ಇವಳ ಮಾತು ಗಂಟಲಲ್ಲೇ ನಿಂತ್ಕೊಳ್ತೈತೆ. ಸಾಲ ಮೈಮೇಲೆ ಬಂದ ದಿನ, ಮಗ ಪರೀಕ್ಷೇಲಿ ಫೇಲಾದ ದಿನ, ಮಗಳು ತನ್ನಿಷ್ಟದೋನ ಹೆಸರು ಹೇಳಿದ ದಿನ, ಅಂಥಾ ದಿನ ಯಾವ ಮನೆಗೂ ಬರ್ತೈತೆ. ಆ ದಿನ ಕೈಗೆ ಸಿಗಂಗೆ ಏನಿರ್ಬೇಕು, ಏನಿರ್ಬಾರ್ದು ಅಂತ ಮುಂಚೇನೇ ಯೋಚನೆ ಮಾಡೋಳು ಮನೆ ಹೆಂಗಸು. ಇಲಿ ಪಾಷಾಣ ಎಲ್ಲಿಡ್ತೀವಿ, ಸೀಮೆಎಣ್ಣೆ ಎಲ್ಲಿಡ್ತೀವಿ ಅಂತ ನಾವು ಯೋಚಿಸ್ತೀವಿ ತಾನೇ? ಬಂದೂಕಕ್ಕೆ ಮಾತ್ರ ಯಾಕೆ ಆ ಯೋಚನೆ ಬೇಡ?

ಇನ್ನು ಯಜಮಾನ ತೀರ್ಕೊಂಡ ಮೇಲಿನ ಪಾಡು ಕೇಳಿ. ನಮಗೆ ದೂರದ ನೆಂಟರು ಒಬ್ಬರು ದೊಡ್ಡಮ್ಮ, ಬಂಗಾರಪೇಟೆ ಆಚೆ ಹಳ್ಳಿ. ದೊಡ್ಡಪ್ಪ ಹೋದ ಮೇಲೆ ತಿಥಿ, ಸಾಲ, ಪಾಲು ಅಂತ ಅವರು ಒದ್ದಾಡ್ತಿದ್ರು. ಬಂದೂಕ ಅಟ್ಟದ ಮೇಲಿತ್ತು, ಲೈಸೆನ್ಸ್ ಯಾವತ್ತೋ ಮುಗಿದಿತ್ತು. ವರ್ಷದ ಮೇಲೆ ಯಾರೋ ಹೇಳಿ ಗೊತ್ತಾಗಿ, ಸೆರಗಿನಲ್ಲಿ ಕಾಗದ ಕಟ್ಕೊಂಡು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ತಿರುಗಿದ್ರು. ಎಲ್ಲಿ ಹೋದ್ರೂ ‘ಇಷ್ಟು ದಿನ ಯಾಕಿಟ್ಕೊಂಡಿದ್ದಿ’ ಅಂತ ಇವರನ್ನೇ ಗದರಿಸಿದ್ರು. ಬಂದೂಕ ಇಟ್ಕೊಂಡಿದ್ದೋರು ಫೋಟೋದಲ್ಲಿ ಹಾರ ಹಾಕಿಸ್ಕೊಂಡು ಕೂತಿದ್ರು.

ಬಂದೂಕದ ದುಡ್ಡಿಗೆ ವಾರಸುದಾರಳಾದ ಹೆಂಗಸಿನ ಕತೇನೂ ಐತೆ. ವಿಂಚೆಸ್ಟರ್ ಮನೆ ಸೊಸೆ ಸಾರಾ, ಗಂಡ ಸತ್ತ ಮೇಲೆ ಕ್ಯಾಲಿಫೋರ್ನಿಯದಲ್ಲಿ ಮನೆ ಕಟ್ಟಿಸೋಕೆ ಕೂತು ವರ್ಷಗಟ್ಟಲೆ ಕಟ್ಟಿಸಿದ್ರು, 1922ರಲ್ಲಿ ತೀರ್ಕೊಂಡ್ರು. ಬಂದೂಕದಿಂದ ಸತ್ತೋರ ದೆವ್ವಕ್ಕೆ ಹೆದರಿ ಕಟ್ಟಿಸಿದ್ರು ಅಂತ ಜನ ಕತೆ ಕಟ್ಟಿದ್ರು. ನೋಡಿ, ಬಂದೂಕ ಮಾಡಿದ ಮಾವ ದೊಡ್ಡ ಮನುಷ್ಯ, ದೆವ್ವದ ಕತೆ ಮಾತ್ರ ವಿಧವೆ ತಲೆಗೆ. ಎಲ್ಲಿ ಹೋದ್ರೂ ಇದೇ ನ್ಯಾಯ.

ಅದುಕ್ಕೆ ಬರೀ ಬೈದು ಬಿಡಲ್ಲ, ಮಾಡ್ಬೇಕಾದ್ದನ್ನೂ ಹೇಳ್ತೀನಿ.

ಮನೇಲಿ ಬಂದೂಕ ಇದ್ರೆ ಲೈಸೆನ್ಸ್ ಪುಸ್ತಕ ತೆಗೆಸಿ ತಾರೀಕು ನೋಡಿ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸು 5 ವರ್ಷಕ್ಕೆ, ಮೊದಲು 3 ವರ್ಷ ಇತ್ತು. ಒಬ್ಬರ ಹೆಸರಲ್ಲಿ 3 ಬಂದೂಕ ಇಟ್ಕೋಬೋದಿತ್ತು, ಈಗ ಎರಡೇ. ಅಪ್ಪನದು, ಅಜ್ಜನದು ಅಂದ್ರೂ ಲೆಕ್ಕಕ್ಕೆ ಸೇರ್ತೈತೆ.

ಬಂದೂಕ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಒಂದು ಕೀಲಿ ನಮ್ ಹತ್ರ. ಖಾಲಿ ಐತಾ ಅಂತ ನೋಡೋದನ್ನ ನಮಗೆ ಕಲಿಸ್ಲೇಬೇಕು. ಇದಕ್ಕೆ ಒಪ್ಪದೇ ಇದ್ರೆ ಬಂದೂಕ ಮನೇಲಿ ಬ್ಯಾಡ.

ಮದುವೆ ದಿಬ್ಬಣದಲ್ಲಿ ಗಾಳೀಲಿ ಗುಂಡು ಹಾರಿಸ್ತೀನಿ ಅಂತ ಯಾರಾದ್ರೂ ಎದ್ರೆ ಅಲ್ಲೇ ಕೈ ಹಿಡೀರಿ. ಅದು ಈಗ ಅಪರಾಧ. 2 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಬಿದ್ರೂ ಬೀಳ್ಬೋದು.

ಯಜಮಾನರು ತೀರ್ಕೊಂಡ್ರೆ, ಲೈಸೆನ್ಸು ಮುಗಿದ್ರೆ, ತಡ ಮಾಡದೆ ಠಾಣೇಲೋ ಲೈಸೆನ್ಸ್ ಇರೋ ಬಂದೂಕದ ಅಂಗಡೀಲೋ ಠೇವಣಿ ಇಟ್ಟು ರಸೀದಿ ಇಸ್ಕೊಳ್ಳಿ. ರಸೀದಿ ಇಲ್ಲದೆ ಬರಬ್ಯಾಡಿ. ವಾರಸುದಾರರು ಅಂದ್ರೆ ಗಂಡುಮಕ್ಕಳೊಬ್ಬರೇ ಅಲ್ಲ, ಹೆಂಡ್ತೀನೂ ಮಗಳೂ ಸೇರಿ. ಇಟ್ಕೋಬೇಕಾ, ಮಾರ್ಬೇಕಾ, ಸರ್ಕಾರಕ್ಕೆ ಒಪ್ಪಿಸ್ಬೇಕಾ ಅಂತ ಹೇಳೋ ಬಾಯಿ ನಮಗೂ ಐತೆ.

2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಹಿಂಗೆ ಚುನಾವಣೆ ಬಂದಾಗೆಲ್ಲಾ ಠಾಣೆಗೆ ಠೇವಣಿ ಇಡಿ ಅಂತ ಹೇಳಿ ಕಳಿಸ್ತಾರೆ. ಆ ತಿಂಗಳುಗಳಲ್ಲಿ ಮನೆ ಹೆಂಗಿರ್ತೈತೆ ಅಂತ ಬಂದೂಕ ಇರೋ ಮನೆ ಅಕ್ಕಂದಿರನ್ನ ಕೇಳಿದ್ದೀನಿ. ‘ನಿದ್ದೆ ಚೆನ್ನಾಗಿ ಬರ್ತೈತೆ ಕಣೇ’ ಅಂದ್ರು ಒಬ್ಬರು. ಹೊಲ ಎಲ್ಲೂ ಓಡಿಹೋಗಿರಲಿಲ್ಲ, ಬೆಳೆ ಇದ್ದಲ್ಲೇ ಇತ್ತು, ಅಜ್ಜನ ನೆನಪೂ ಇತ್ತು. ಹಂಗಿದ್ಮೇಲೆ ವಾಪಸ್ ತರೋ ದಿನ ಒಂದು ಮಾತು ಕೇಳಿ ನಿಮ್ಮ ಯಜಮಾನರನ್ನ: ತರೋದು ಯಾಕೆ? ಉತ್ತರ ಸರಿಯಾಗಿ ಕೊಟ್ರೆ ತರ್ಲಿ. ಕೊಡಕ್ಕಾಗದೆ ಮೀಸೆ ತಿರುವಿದ್ರೆ, ಅಲ್ಲೇ ಇರ್ಲಿ.